ಉಪಕೇಂದ್ರದಲ್ಲಿರುವ ನರ್ಸ್ ‘ಅರ್ಧ ಡಾಕ್ಟರಾ’? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ಸಿಟಿಯವರಿಗೆ ಸ್ಪೆಷಲಿಸ್ಟ್ ಡಾಕ್ಟರ್, ಹಳ್ಳಿಯವರಿಗೆ ಬರೀ ನರ್ಸ್. ನಮ್ಮ ಜೀವಕ್ಕೆ ಬೆಲೆ ಇಲ್ವಾ?” ಎನ್ನುವ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ಸಂದೇಶವೂ ಇದೆ. “ಇನ್ನು ಡಾಕ್ಟರ್ ಹತ್ರ ಹೋಗೋದೇ ಬೇಡ, ನರ್ಸೇ ಎಲ್ಲಾ ಮಾತ್ರೆ ಬರೆದು ಕೊಡ್ತಾರೆ” ಎನ್ನುತ್ತದೆ ಅದು.

ಮೊದಲನೆಯದನ್ನು ನಂಬಿದವರು ಮನೆ ಪಕ್ಕದಲ್ಲೇ ಇರುವ ಕೇಂದ್ರವನ್ನು ಬಿಟ್ಟು ಬಸ್ಸು ಹತ್ತುತ್ತಾರೆ, ಇಲ್ಲವೇ ಕಾಯಿಲೆಯನ್ನು ಹಾಗೇ ಬಿಡುತ್ತಾರೆ. ಎರಡನೆಯದನ್ನು ನಂಬಿದವರು ಎದೆನೋವಿಗೂ ಉಪಕೇಂದ್ರದ ಮುಂದೆ ಕಾಯುತ್ತಾ ಕೂರಬಹುದು. ಎರಡರಲ್ಲೂ ಅಪಾಯವಿದೆ. ಹಾಗಾದರೆ ಸತ್ಯ ಏನು? ಒಂದೊಂದಾಗಿ ನೋಡೋಣ.

ಆ ಕೋಣೆಯಲ್ಲಿ ಕೂತಿರುವವರು ಯಾರು?

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕಾಣುವವರನ್ನೆಲ್ಲ ನಾವು ‘ಸಿಸ್ಟರ್’ ಎಂದುಬಿಡುತ್ತೇವೆ. ಆದರೆ ಅಲ್ಲಿ ಮೂರು ಬೇರೆ ಬೇರೆ ಕೆಲಸದವರಿರುತ್ತಾರೆ.

ಮನೆಮನೆಗೆ ಬಂದು ವಿಚಾರಿಸುವವರು ಆಶಾ ಕಾರ್ಯಕರ್ತೆ. ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ ಮುಂತಾದವನ್ನು ನೋಡಿಕೊಳ್ಳುವವರು ಮೊದಲು ಎಎನ್‌ಎಂ ಅಥವಾ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನಿಸಿಕೊಳ್ಳುತ್ತಿದ್ದವರು. ಈಗ ಕರ್ನಾಟಕದಲ್ಲಿ ಅವರ ಹುದ್ದೆಯ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಮೂರನೆಯವರೇ ನಮ್ಮ ಫಾರ್ವರ್ಡ್‌ನ ‘ನರ್ಸ್’, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಇಂಗ್ಲಿಷಿನ ಮೊದಲಕ್ಷರಗಳಿಂದ ಎಲ್ಲರೂ ಅವರನ್ನು ಸಿಎಚ್‌ಒ ಎನ್ನುತ್ತಾರೆ.

ಈ ಹುದ್ದೆ ಹೊಸದು. 2018ರ ಕೇಂದ್ರ ಬಜೆಟ್‌ನಲ್ಲಿ ದೇಶದಾದ್ಯಂತ 1.5 ಲಕ್ಷ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನು ಮಾಡುವುದಾಗಿ ಘೋಷಿಸಲಾಯಿತು. ಹಳೆಯ ಉಪಕೇಂದ್ರಗಳನ್ನೇ ಮೇಲ್ದರ್ಜೆಗೇರಿಸಿ ಅಲ್ಲೊಬ್ಬ ಸಿಎಚ್‌ಒ ನೇಮಿಸುವುದು ಯೋಜನೆಯ ಮುಖ್ಯ ಭಾಗ. ಮೊದಲ ಕೇಂದ್ರ 2018ರ ಏಪ್ರಿಲ್ 14ರಂದು ಛತ್ತೀಸ್‌ಗಢದ ಬಿಜಾಪುರ ಜಿಲ್ಲೆಯ ಜಾಂಗ್ಲಾದಲ್ಲಿ ಆರಂಭವಾಯಿತು. (ನಮ್ಮ ವಿಜಯಪುರವಲ್ಲ, ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ!) 2023ರ ಕೊನೆಯಲ್ಲಿ ಈ ಕೇಂದ್ರಗಳಿಗೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದು ಹೊಸ ಹೆಸರಿಡಲಾಯಿತು.

ಸಿಎಚ್‌ಒ ಆಗಲು ನರ್ಸಿಂಗ್ ಓದಿರಬೇಕು. ಕೆಲವು ರಾಜ್ಯಗಳಲ್ಲಿ ಆಯುರ್ವೇದ ಪದವೀಧರರಿಗೂ ಅವಕಾಶವಿದೆ. ಅದರ ಮೇಲೆ ಸಮುದಾಯ ಆರೋಗ್ಯದಲ್ಲಿ 6 ತಿಂಗಳ ಸರ್ಟಿಫಿಕೇಟ್ ತರಬೇತಿ. ನಂತರ ಈ ಪಾಠಗಳನ್ನು ಬಿಎಸ್ಸಿ ನರ್ಸಿಂಗ್ ಕೋರ್ಸಿನೊಳಗೇ ಸೇರಿಸಲಾಯಿತು. ಅಂದರೆ ಬಿಎಸ್ಸಿ ನರ್ಸಿಂಗ್ ಮಾಡಿ ಬಂದ ಸಿಎಚ್‌ಒ ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ, ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಕಲಿತು ಬಂದವರು. ‘ಬರೀ ನರ್ಸ್’ ಎನ್ನುವ ಮಾತಿನಲ್ಲಿ ಆ ‘ಬರೀ’ ಎಂಬ ಪದಕ್ಕೆ ಅರ್ಥವಿಲ್ಲ.

ನರ್ಸ್ ಚಿಕಿತ್ಸೆ ಕೊಡುವುದು ನಮ್ಮ ದೇಶದ ಹೊಸ ಪ್ರಯೋಗವೇ?

ಅಲ್ಲ. ಇದಕ್ಕೆ 60 ವರ್ಷಗಳ ಇತಿಹಾಸವಿದೆ.

1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ‘ನರ್ಸ್ ಪ್ರಾಕ್ಟೀಷನರ್’ ತರಬೇತಿ ಶುರು ಮಾಡಿದರು. ಡಾಕ್ಟರ್‌ಗಳು ಸಿಗದ ಕಡೆಯ ಮಕ್ಕಳನ್ನು ಯಾರು ನೋಡಬೇಕು ಎಂಬ ಪ್ರಶ್ನೆಯೇ ಇದರ ಮೂಲ. ಫೋರ್ಡ್ ಅವರೇ ಹಳ್ಳಿಗಾಡಿನಲ್ಲಿ ಸಾರ್ವಜನಿಕ ಆರೋಗ್ಯ ನರ್ಸ್ ಆಗಿ ಕೆಲಸ ಮಾಡಿದ್ದವರು. 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಅವರು ಹಾಕಿದ ಬೀಜ ಹಲವು ದೇಶಗಳಲ್ಲಿ ಮರವಾಗಿತ್ತು.

ಹೀಗೆ ಮೂಲ ನರ್ಸಿಂಗ್ ಶಿಕ್ಷಣದ ಮೇಲೆ ಹೆಚ್ಚಿನ ವ್ಯಾಸಂಗ ಮಾಡಿ, ರೋಗಿಯನ್ನು ಪರೀಕ್ಷಿಸಿ, ಕಾಯಿಲೆ ಗುರುತಿಸಿ, ಒಂದು ಮಿತಿಯೊಳಗೆ ಚಿಕಿತ್ಸೆ ನಿರ್ಧರಿಸುವವರನ್ನು ‘ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸ್’ ಎನ್ನುತ್ತಾರೆ. ಇದಕ್ಕೆ ಕನಿಷ್ಠ ಸ್ನಾತಕೋತ್ತರ ಮಟ್ಟದ ಓದು ಇರಬೇಕು ಎಂಬುದು ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿಯ ಶಿಫಾರಸು.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಅಳತೆಯಲ್ಲಿ ನೋಡಿದರೆ ನಮ್ಮ ಸಿಎಚ್‌ಒ ಪೂರ್ಣ ಪ್ರಮಾಣದ ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸ್ ಅಲ್ಲ. ಆ ದಾರಿಯಲ್ಲಿ ಇಟ್ಟ ಮೊದಲ ಹೆಜ್ಜೆ ಎನ್ನಬಹುದು. ಅದಕ್ಕೆ ಹತ್ತಿರವಾದ ಕೋರ್ಸ್‌ಗಳು ಭಾರತದಲ್ಲೂ ಇವೆ. ಗಂಭೀರ ರೋಗಿಗಳ ಆರೈಕೆಗೆ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಇದೆ. ಸಹಜ ಹೆರಿಗೆಯನ್ನು ಸ್ವತಂತ್ರವಾಗಿ ನೋಡಿಕೊಳ್ಳುವ ನರ್ಸ್‌ಗಳಿಗೆ 18 ತಿಂಗಳ ತರಬೇತಿಯನ್ನು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ನಿಗದಿ ಮಾಡಿದೆ.

ಸಂಶೋಧನೆ ಏನು ಹೇಳುತ್ತದೆ?

“ನರ್ಸ್ ನೋಡಿದರೆ ಕಾಯಿಲೆ ವಾಸಿಯಾಗಲ್ಲ” ಎಂಬ ಮಾತನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ.

ಕೆನಡಾದ ಬರ್ಲಿಂಗ್ಟನ್ ಎಂಬ ಊರಿನಲ್ಲಿ 1970ರ ದಶಕದ ಆರಂಭದಲ್ಲಿ ಒಂದು ಕ್ಲಿನಿಕ್‌ಗೆ ಬರುವ ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪನ್ನು ಡಾಕ್ಟರ್ ನೋಡಿದರು, ಇನ್ನೊಂದನ್ನು ವಿಶೇಷ ತರಬೇತಿ ಪಡೆದ ನರ್ಸ್ ಪ್ರಾಕ್ಟೀಷನರ್ ನೋಡಿದರು. ಎರಡೂ ಗುಂಪಿನವರ ಆರೋಗ್ಯ ಸರಿಸಮವಾಗಿತ್ತು. ನರ್ಸ್‌ಗಳು 100ರಲ್ಲಿ 67 ಭೇಟಿಗಳನ್ನು ಡಾಕ್ಟರ್ ಸಹಾಯವಿಲ್ಲದೆ ನಿಭಾಯಿಸಿದ್ದರು. ಉಳಿದ 33ರಲ್ಲಿ ಡಾಕ್ಟರ್ ನೆರವು ಬೇಕಾಯಿತು. ಈ ಎರಡನೇ ಸಂಖ್ಯೆಯನ್ನೂ ನೆನಪಿಡಿ, ಮುಂದೆ ಬೇಕಾಗುತ್ತದೆ.

2000ನೇ ಇಸವಿಯಲ್ಲಿ ನ್ಯೂಯಾರ್ಕ್‌ನ 1,316 ರೋಗಿಗಳ ಮೇಲೆ ನಡೆದ ಇಂಥದ್ದೇ ಅಧ್ಯಯನ ಪ್ರಕಟವಾಯಿತು. ಆರು ತಿಂಗಳ ನಂತರ ಎರಡೂ ಗುಂಪುಗಳ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲ ಇಂತಹ 18 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಪ್ರಾಥಮಿಕ ಚಿಕಿತ್ಸೆಯಲ್ಲಿ ತರಬೇತಾದ ನರ್ಸ್‌ಗಳ ಫಲಿತಾಂಶ ಡಾಕ್ಟರ್‌ಗಳಷ್ಟೇ ಅಥವಾ ತುಸು ಉತ್ತಮ ಇರಬಹುದು, ರೋಗಿಗಳ ಜೊತೆ ಅವರು ಹೆಚ್ಚು ಹೊತ್ತು ಮಾತಾಡುತ್ತಾರೆ, ರೋಗಿಗಳಿಗೂ ಹೆಚ್ಚು ಸಮಾಧಾನ ಎಂಬುದು ಅದರ ತೀರ್ಮಾನ.

“ಅದೆಲ್ಲ ಶ್ರೀಮಂತ ದೇಶದ ಕಥೆ” ಎನ್ನುತ್ತೀರಾ? ದಕ್ಷಿಣ ಆಫ್ರಿಕಾ ನೋಡಿ. ಎಚ್‌ಐವಿ ಔಷಧ ಬೇಕಾದವರು ಲಕ್ಷಗಟ್ಟಲೆ, ಡಾಕ್ಟರ್‌ಗಳು ಬೆರಳೆಣಿಕೆ. ಅಲ್ಲಿನ ಫ್ರೀ ಸ್ಟೇಟ್ ಪ್ರಾಂತ್ಯದ 31 ಕ್ಲಿನಿಕ್‌ಗಳಲ್ಲಿ ನರ್ಸ್‌ಗಳೇ ಔಷಧ ಶುರು ಮಾಡುವ, ಮುಂದುವರಿಸುವ ಪದ್ಧತಿಯನ್ನು ಪರೀಕ್ಷಿಸಲಾಯಿತು. ಡಾಕ್ಟರ್ ನೋಡಿದವರಿಗಿಂತ ನರ್ಸ್ ನೋಡಿದವರಲ್ಲಿ ಸಾವು ಹೆಚ್ಚಾಗಲಿಲ್ಲ.

ಆದರೆ ಛತ್ತೀಸ್‌ಗಢ ಕಲಿಸಿದ ಪಾಠ ಬೇರೆ

ಈ ಭಾಗವನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. ಛತ್ತೀಸ್‌ಗಢ ರಾಜ್ಯ ಹುಟ್ಟಿದ ಹೊಸತರಲ್ಲಿ, ಹಳ್ಳಿಗಳಿಗಾಗಿಯೇ ಮೂರು ವರ್ಷದ ವೈದ್ಯಕೀಯ ಕೋರ್ಸ್ ಶುರು ಮಾಡಿತು. ಅದನ್ನು ಓದಿದವರು ಗ್ರಾಮೀಣ ವೈದ್ಯಕೀಯ ಸಹಾಯಕರಾದರು. ಡಾಕ್ಟರ್ ಇಲ್ಲದ ಬೇರೆ ಕೇಂದ್ರಗಳಲ್ಲಿ ಬೇರೆ ದಾರಿಯಿಲ್ಲದೆ ನರ್ಸ್, ಫಾರ್ಮಸಿಸ್ಟ್‌ಗಳೇ ರೋಗಿಗಳನ್ನು ನೋಡುತ್ತಿದ್ದರು.

ಇವರೆಲ್ಲರ ಕೌಶಲವನ್ನು ಸಂಶೋಧಕರು ಅಳೆದರು. ಮೂರು ವರ್ಷ ತರಬೇತಾದ ಸಹಾಯಕರು ಸಾಮಾನ್ಯ ಕಾಯಿಲೆಗಳ ವಿಷಯದಲ್ಲಿ ಎಂಬಿಬಿಎಸ್ ವೈದ್ಯರಿಗೆ ಸಮನಾಗಿದ್ದರು. ಆದರೆ ಈ ಕೆಲಸಕ್ಕೆಂದೇ ತರಬೇತಿ ಪಡೆಯದೆ, ಅನಿವಾರ್ಯವಾಗಿ ರೋಗಿ ನೋಡುತ್ತಿದ್ದ ನರ್ಸ್, ಫಾರ್ಮಸಿಸ್ಟ್‌ಗಳು ಎಲ್ಲರಿಗಿಂತ ಹಿಂದುಳಿದಿದ್ದರು.

ಅಂದರೆ, ಚೆನ್ನಾಗಿ ತರಬೇತಿ ಕೊಟ್ಟರೆ ಡಾಕ್ಟರ್ ಅಲ್ಲದವರೂ ಪ್ರಾಥಮಿಕ ಚಿಕಿತ್ಸೆ ಚೆನ್ನಾಗಿ ಕೊಡುತ್ತಾರೆ. ತರಬೇತಿ ಕೊಡದೆ ಕುರ್ಚಿ ಮಾತ್ರ ಕೊಟ್ಟರೆ ರೋಗಿಗೂ ನಷ್ಟ, ನರ್ಸ್‌ಗೂ ಅನ್ಯಾಯ. ಹಾಗಾಗಿ ಆ ಕುರ್ಚಿಯಲ್ಲಿ ಕೂತವರು ಏನು ಕಲಿತಿದ್ದಾರೆ, ಅವರ ಬೆನ್ನಿಗೆ ಯಾರಿದ್ದಾರೆ ಎಂದೇ ನಾವು ಕೇಳಬೇಕು.

ಡಾಕ್ಟರನ್ನೇ ಹಳ್ಳಿಗೆ ಕಳಿಸಬಹುದಲ್ಲ?

ನ್ಯಾಯವಾದ ಪ್ರಶ್ನೆ. ಸರ್ಕಾರದ ಮಾನದಂಡದ ಪ್ರಕಾರ ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು. ಎಂಬಿಬಿಎಸ್ ವೈದ್ಯರು ಇರಬೇಕಾದ್ದು ಅಲ್ಲಿ. ಉಪಕೇಂದ್ರ 5,000 ಜನರಿಗೆ ಒಂದು, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು. ಅಂದರೆ ಉಪಕೇಂದ್ರದಲ್ಲಿ ಮೊದಲಿನಿಂದಲೂ ಡಾಕ್ಟರ್ ಹುದ್ದೆಯೇ ಇರಲಿಲ್ಲ. “ಡಾಕ್ಟರನ್ನು ತೆಗೆದು ನರ್ಸ್ ಹಾಕಿದರು” ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಅಲ್ಲಿ ಮೊದಲಿದ್ದ ಸಿಬ್ಬಂದಿಯ ಜೊತೆಗೆ ಸಿಎಚ್‌ಒ ಹೆಚ್ಚುವರಿಯಾಗಿ ಬಂದವರು.

ಡಾಕ್ಟರ್‌ಗಳನ್ನು ಹಳ್ಳಿಗೆ ಕಳಿಸುವ ಪ್ರಯತ್ನ ನಡೆದೇ ಇಲ್ಲ ಎಂದಲ್ಲ. ಕರ್ನಾಟಕ 2012ರಲ್ಲಿ ವೈದ್ಯಕೀಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನನ್ನೇ ತಂದಿತು. ಆದರೆ ವರ್ಷ ಮುಗಿದ ಮೇಲೆ ಡಾಕ್ಟರ್ ಹೊರಡುತ್ತಾರೆ, ಬಿಪಿ ಮತ್ತು ಶುಗರ್ ಮಾತ್ರ ಊರಿನಲ್ಲೇ ಉಳಿಯುತ್ತವೆ.

ಇನ್ನೂ ಹಿಂದಕ್ಕೆ ಹೋದರೆ, ಬ್ರಿಟಿಷರ ಕಾಲದಲ್ಲಿ ಎಂಬಿಬಿಎಸ್‌ಗಿಂತ ಚಿಕ್ಕ ಕೋರ್ಸ್ ಮಾಡಿದ ಎಲ್‌ಎಂಪಿ ವೈದ್ಯರಿದ್ದರು. 1946ರ ಭೋರ್ ಸಮಿತಿ ವರದಿಯ ಹೊತ್ತಿಗೆ ದೇಶದ ನೋಂದಾಯಿತ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂಥವರೇ. ಒಂದೇ ದರ್ಜೆಯ ವೈದ್ಯರಿರಲಿ ಎಂದು ಆ ಕೋರ್ಸನ್ನು ಕ್ರಮೇಣ ಕೈಬಿಡಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಹಳ್ಳಿಗಳಲ್ಲಿ ವೈದ್ಯರ ಕೊರತೆ ನೀಗಲಿಲ್ಲ.

ಆ ಖಾಲಿ ಜಾಗವನ್ನು ತುಂಬಿದವರು ಯಾರು? 2001ರ ಜನಗಣತಿಯ ಅಂಕಿಅಂಶಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಒಂದು ವರದಿ ಪ್ರಕಟಿಸಿತು. ಗ್ರಾಮೀಣ ಭಾರತದಲ್ಲಿ ಅಲೋಪಥಿ ವೈದ್ಯ ಎಂದು ಹೇಳಿಕೊಂಡವರಲ್ಲಿ ವೈದ್ಯಕೀಯ ಅರ್ಹತೆ ಇದ್ದವರು ಶೇ 18.8 ಮಾತ್ರ. ಅಂಕಿ ಹಳೆಯದು, ನಿಜ. ಆದರೆ ಯಾವ ಜ್ವರ ಹೋದರೂ ಒಂದು ಇಂಜೆಕ್ಷನ್, ಒಂದು ಗ್ಲುಕೋಸ್ ಬಾಟಲಿ ಹಾಕುವ ‘ಡಾಕ್ಟ್ರು’ ನಿಮ್ಮ ಸುತ್ತಮುತ್ತ ಇಲ್ಲವೇ ಯೋಚಿಸಿ. ಹಳ್ಳಿಯವರ ಎದುರು ಸಾಮಾನ್ಯವಾಗಿ ಇರುವ ಆಯ್ಕೆ ಎಂಬಿಬಿಎಸ್ ಡಾಕ್ಟರೋ ನರ್ಸೋ ಎಂಬುದಲ್ಲ. ಓದಿದ ನರ್ಸೋ, ಓದದ ‘ಡಾಕ್ಟ್ರೋ’ ಎಂಬುದು.

ಒಬ್ಬ ಅಜ್ಜಿಯ ಉದಾಹರಣೆ ತೆಗೆದುಕೊಳ್ಳೋಣ

ಅಜ್ಜಿಗೆ 60 ವರ್ಷ, ಬಿಪಿ 160/100. ತಲೆನೋವಿಲ್ಲ, ತಲೆಸುತ್ತಿಲ್ಲ, ಹೊಲದ ಕೆಲಸಕ್ಕೂ ಹೋಗುತ್ತಾರೆ. ಬಿಪಿ ಹೀಗೇ, ಸದ್ದಿಲ್ಲದೆ ಇರುತ್ತದೆ. ಔಷಧ ಬೇಕು ಎಂದು ಗೊತ್ತಾದ ಮೇಲೂ ತಿಂಗಳಿಗೊಮ್ಮೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವ ಮಗನ ಕೂಲಿ. ಮೂರನೇ ತಿಂಗಳಿಗೆ “ಏನೂ ತೊಂದ್ರೆ ಇಲ್ವಲ್ಲ” ಎಂದು ಮಾತ್ರೆ ನಿಲ್ಲುತ್ತದೆ. ಹೀಗೆ ಬಿಟ್ಟ ಬಿಪಿಯಿಂದ ಮುಂದೊಂದು ದಿನ ಪಾರ್ಶ್ವವಾಯು ಹೊಡೆಯಬಹುದು.

ಈಗ ಇದೇ ಅಜ್ಜಿಯ ಊರಿನಲ್ಲಿ ಸಿಎಚ್‌ಒ ಇದ್ದಾರೆ ಎಂದುಕೊಳ್ಳಿ. 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುವುದು ಅವರ ಕೆಲಸ. ಹೆಚ್ಚಿದೆ ಎಂದು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಡಾಕ್ಟರ್ ಕಾಯಿಲೆ ಖಚಿತಪಡಿಸಿ ಔಷಧ ಬರೆಯುತ್ತಾರೆ. ಆಮೇಲಿನ ತಿಂಗಳುಗಳ ಮಾತ್ರೆ ಊರಲ್ಲೇ, ಉಚಿತವಾಗಿ. ಪ್ರತಿ ಸಲ ಬಿಪಿ ನೋಡುತ್ತಾರೆ. ಇಳಿಯದಿದ್ದರೆ ‘ಇ-ಸಂಜೀವಿನಿ’ ವಿಡಿಯೊ ಕರೆಯಲ್ಲಿ ಡಾಕ್ಟರ್ ಜೊತೆ ಮಾತಾಡಿಸುತ್ತಾರೆ. ಅಜ್ಜಿ ಬರಲಿಲ್ಲ ಎಂದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕೇಳುತ್ತಾರೆ.

ಬಿಪಿ ಹತೋಟಿಗೆ ಬರುವುದು ಹೀಗೆ, ತಿಂಗಳು ತಪ್ಪದ ಮಾತ್ರೆಯಿಂದ. ಅದಕ್ಕೆ ಬೇಕಾದವರು ಹತ್ತಿರದಲ್ಲಿರುವ, ಹೆಸರು ಹಿಡಿದು ಕರೆಯುವ, ಕೆಲಸ ಗೊತ್ತಿರುವ ಒಬ್ಬರು.

ಅವರು ಏನು ಮಾಡಬಹುದು, ಏನು ಮಾಡುವಂತಿಲ್ಲ?

ಮಾರ್ಗಸೂಚಿಯ ಪ್ರಕಾರ ಉಪಕೇಂದ್ರದಲ್ಲಿ 12 ಬಗೆಯ ಸೇವೆಗಳು, 105 ಬಗೆಯ ಔಷಧ ಹಾಗೂ 14 ಬಗೆಯ ಪರೀಕ್ಷೆಗಳು ಸಿಗಬೇಕು. ಮುಖ್ಯವಾದವು ಇವು:

• ಗರ್ಭಿಣಿ, ಬಾಣಂತಿ, ಮಕ್ಕಳ ಆರೈಕೆ ಮತ್ತು ಕುಟುಂಬ ಯೋಜನೆ
• ಜ್ವರ, ಭೇದಿ, ಚರ್ಮದ ತುರಿಕೆಯಂಥ ಸಾಮಾನ್ಯ ತೊಂದರೆಗಳಿಗೆ ನಿಗದಿತ ನಿಯಮದಂತೆ ಚಿಕಿತ್ಸೆ
• ಬಿಪಿ, ಶುಗರ್ ಹಾಗೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ
• ಡಾಕ್ಟರ್ ಬರೆದ ಬಿಪಿ, ಶುಗರ್ ಮಾತ್ರೆಗಳ ಮುಂದುವರಿಕೆ
• ಕ್ಷಯ, ಮಲೇರಿಯಾ ಮುಂತಾದವುಗಳ ಪತ್ತೆ ಮತ್ತು ಔಷಧದ ಮೇಲ್ವಿಚಾರಣೆ
• ವೃದ್ಧರ, ಹಾಸಿಗೆ ಹಿಡಿದವರ ಆರೈಕೆ, ಮಾನಸಿಕ ತೊಂದರೆಗಳ ಗುರುತಿಸುವಿಕೆ

ಈಗ ಮಿತಿ. ಸಿಎಚ್‌ಒ ಮನಸ್ಸಿಗೆ ಬಂದ ಔಷಧ ಬರೆಯುವಂತಿಲ್ಲ, ಆಪರೇಷನ್ ಮಾಡುವಂತಿಲ್ಲ, ‘ಡಾಕ್ಟರ್’ ಎಂದು ಬೋರ್ಡ್ ಹಾಕಿ ಖಾಸಗಿ ಕ್ಲಿನಿಕ್ ನಡೆಸುವಂತಿಲ್ಲ.

“ಕಾನೂನೇ ನರ್ಸ್‌ಗಳನ್ನು ಡಾಕ್ಟರ್ ಮಾಡಿದೆ” ಎಂಬ ಮಾತಿನ ಬೇರು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂನಲ್ಲಿದೆ. ಆಧುನಿಕ ವೈದ್ಯಪದ್ಧತಿಗೆ ಸಂಬಂಧಿಸಿದ ಅರ್ಹರಿಗೆ ‘ಸಮುದಾಯ ಆರೋಗ್ಯ ಸೇವಾದಾರ’ ಎಂದು ಸೀಮಿತ ಪರವಾನಗಿ ಕೊಡಲು ಅದು ಅವಕಾಶ ನೀಡುತ್ತದೆ. ಆದರೆ ಅವರು ಸ್ವತಂತ್ರವಾಗಿ ಬರೆಯಬಹುದಾದದ್ದು ನಿಗದಿಪಡಿಸಿದ ಔಷಧಗಳನ್ನು ಮಾತ್ರ, ಅದೂ ಪ್ರಾಥಮಿಕ ಮತ್ತು ರೋಗ ತಡೆಯುವ ಆರೈಕೆಯಲ್ಲಿ ಮಾತ್ರ. ಉಳಿದೆಡೆ ನೋಂದಾಯಿತ ವೈದ್ಯರ ಉಸ್ತುವಾರಿ ಕಡ್ಡಾಯ. ಈ ಕಲಂ ವಿರುದ್ಧ ಭಾರತೀಯ ವೈದ್ಯಕೀಯ ಸಂಘ 2019ರ ಜುಲೈ 31ರಂದು ದೇಶದಾದ್ಯಂತ ಮುಷ್ಕರ ನಡೆಸಿತ್ತು. ಅರ್ಹತೆ ಇಲ್ಲದವರಿಗೂ ಪರವಾನಗಿ ಸಿಕ್ಕರೆ ಗತಿಯೇನು ಎಂಬುದು ವೈದ್ಯರ ಆತಂಕ. ತರಬೇತಿಯ ಮಟ್ಟ ಏನಿರಬೇಕು ಎಂಬ ಆ ಚರ್ಚೆ ಬೇಕಾದದ್ದೇ.

ಹಾಗಾದರೆ “ನಮ್ಮ ಜೀವಕ್ಕೆ ಬೆಲೆ ಇಲ್ವಾ?” ಎಂಬ ಪ್ರಶ್ನೆ ತಪ್ಪೇ?

ತಪ್ಪಲ್ಲ. ಆ ಸಿಟ್ಟಿನಲ್ಲಿ ನ್ಯಾಯವಿದೆ. ಅದು ತಿರುಗಬೇಕಾದ ದಿಕ್ಕು ಮಾತ್ರ ಬೇರೆ.

ಬರ್ಲಿಂಗ್ಟನ್‌ನ ಆ 33 ಭೇಟಿಗಳನ್ನು ನೆನಪಿಸಿಕೊಳ್ಳಿ. ನರ್ಸ್ “ಇದು ನನ್ನ ಕೈ ಮೀರಿದ್ದು” ಎಂದಾಗ ಅಲ್ಲಿ ಡಾಕ್ಟರ್ ಇದ್ದರು. ನಮ್ಮ ಉಪಕೇಂದ್ರದಿಂದ ಕಳಿಸಿದ ರೋಗಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಸಿಗದಿದ್ದರೆ ಇಡೀ ವ್ಯವಸ್ಥೆ ಕುಸಿಯುತ್ತದೆ. ಮಾತ್ರೆ ಖಾಲಿಯಾಗಿ ಎರಡು ತಿಂಗಳಾದರೂ ಬರದಿದ್ದರೆ, ವಿಡಿಯೊ ಕರೆಗೆ ನೆಟ್‌ವರ್ಕ್ ಸಿಗದಿದ್ದರೆ ಆ ನರ್ಸ್ ಎಷ್ಟು ಓದಿದ್ದರೂ ಉಪಯೋಗವಿಲ್ಲ.

ಇನ್ನೊಂದು ಸಂಗತಿ. ಕರ್ನಾಟಕದಲ್ಲಿ ಸಿಎಚ್‌ಒಗಳನ್ನು ನೇಮಿಸಿಕೊಂಡಿರುವುದು ಗುತ್ತಿಗೆ ಆಧಾರದ ಮೇಲೆ. ಅವರ ಗಳಿಕೆಯ ಒಂದು ಭಾಗ ಗುರಿ ಮುಟ್ಟಿದರೆ ಸಿಗುವ ಪ್ರೋತ್ಸಾಹಧನ. ಹಳ್ಳಿಯಲ್ಲಿ ನೆಲೆನಿಂತು ಹತ್ತು ವರ್ಷ ಕೆಲಸ ಮಾಡಲಿ ಎಂದು ಬಯಸುವ ವ್ಯವಸ್ಥೆ ಅವರಿಗೆ ಸೇವಾ ಭದ್ರತೆ, ಮುಂದೆ ಓದುವ ಅವಕಾಶ, ಬಡ್ತಿಯ ದಾರಿ ಕೊಡಬೇಕಲ್ಲವೇ? 1947ರ ಹಳೆಯ ಕಾನೂನಿನ ಜಾಗದಲ್ಲಿ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆ ಬಂದಿದೆ. ಇಂತಹ ಬದಲಾವಣೆಗಳಿಗೆ ಅದು ದಾರಿಯಾಗಬಹುದು.

ಹತ್ತಿರದಲ್ಲಿ ತರಬೇತಾದ ನರ್ಸ್, ಅವರ ಕೈಯಲ್ಲಿ ಔಷಧ, ಬೆನ್ನಿಗೆ ಡಾಕ್ಟರ್, ಹೊತ್ತಿಗೆ ಆಂಬುಲೆನ್ಸ್. ಈ ನಾಲ್ಕೂ ಇದ್ದರೆ ಹಳ್ಳಿಗೆ ಸಿಕ್ಕಿದ್ದು ನ್ಯಾಯ. ನರ್ಸನ್ನು ಮಾತ್ರ ಕೂರಿಸಿ ಉಳಿದ ಮೂರನ್ನು ಮರೆತರೆ ಅದು ಬಡವರಿಗೆ ಕೊಟ್ಟ ಬಡ ಸೇವೆ.

ನೀವು ಏನು ಮಾಡಬಹುದು?

• ನಿಮ್ಮ ಉಪಕೇಂದ್ರ ಎಲ್ಲಿದೆ, ಸಿಎಚ್‌ಒ ಯಾರು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.
• ಮನೆಯಲ್ಲಿ 30 ದಾಟಿದ ಎಲ್ಲರ ಬಿಪಿ, ಶುಗರ್ ಒಮ್ಮೆ ಅಲ್ಲೇ ನೋಡಿಸಿ. ಊರಲ್ಲಿರುವ ಅಪ್ಪ ಅಮ್ಮನಿಗೆ ಇಂದೇ ಫೋನ್ ಮಾಡಿ ಹೇಳಬಹುದು.
• ಹಳೆಯ ಚೀಟಿ, ಮಾತ್ರೆ ಪಟ್ಟಿ ಜೊತೆಗೆ ಒಯ್ಯಿರಿ. ಬಿಪಿ ಇಳಿದಿದೆ ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.
• ಔಷಧ ಇಲ್ಲ, ಕೇಂದ್ರ ಮುಚ್ಚಿರುತ್ತದೆ ಎಂದರೆ ಗ್ರೂಪಿನಲ್ಲಿ ಬೈದು ಸುಮ್ಮನಾಗಬೇಡಿ. ಪ್ರತಿ ಕೇಂದ್ರಕ್ಕೂ ಒಂದು ಜನ ಆರೋಗ್ಯ ಸಮಿತಿ ಇರಬೇಕು. ಉಪಕೇಂದ್ರದ ಮಟ್ಟದಲ್ಲಿ ಅದರ ಅಧ್ಯಕ್ಷತೆ ಗ್ರಾಮ ಪಂಚಾಯ್ತಿ ಅಧ್ಯಕ್ಷರದು. ಅಲ್ಲಿ ಕೇಳಿ, ಗ್ರಾಮಸಭೆಯಲ್ಲೂ ಕೇಳಿ.

ಇವು ಕಂಡರೆ ಉಪಕೇಂದ್ರ ತೆರೆಯಲಿ ಎಂದು ಕಾಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ: ಎದೆನೋವು, ಉಸಿರಾಟದ ತೊಂದರೆ, ಮುಖ ಒಂದು ಕಡೆ ಸೊಟ್ಟಗಾಗುವುದು, ಕೈಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು, ಗರ್ಭಿಣಿಗೆ ರಕ್ತಸ್ರಾವ, ಫಿಟ್ಸ್, ಅಥವಾ ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಎಳೆ ಮಗು ಹಾಲು ಕುಡಿಯುವುದನ್ನು ನಿಲ್ಲಿಸುವುದು, ಹಾವು ಕಡಿತ.

ಕೊನೆಯದಾಗಿ

“ಹಳ್ಳಿಗೆ ಡಾಕ್ಟರ್ ಬದಲು ನರ್ಸ್” ಎಂಬುದು ದಾರಿ ತಪ್ಪಿಸುವ ಮಾತು. “ನರ್ಸ್ ಇದ್ದರೆ ಡಾಕ್ಟರೇ ಬೇಡ” ಎಂಬುದೂ ಅಷ್ಟೇ ತಪ್ಪು. ತರಬೇತಾದ ನರ್ಸ್ ತನ್ನ ಮಿತಿಯೊಳಗೆ ಕೊಡುವ ಚಿಕಿತ್ಸೆ ಎರಡನೇ ದರ್ಜೆಯದಲ್ಲ. ಆ ಮಿತಿಯ ಆಚೆಗೆ ಡಾಕ್ಟರ್ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ.

ಮುಂದಿನ ಸಲ ಆ ಸಂದೇಶ ಬಂದಾಗ ಫಾರ್ವರ್ಡ್ ಮಾಡುವ ಬದಲು ಅದನ್ನು ಕಳಿಸಿದವರನ್ನು ಒಂದೇ ಒಂದು ಪ್ರಶ್ನೆ ಕೇಳಿ: “ನಿಮ್ಮೂರಿನ ಉಪಕೇಂದ್ರದಲ್ಲಿ ಬಿಪಿ ಮಾತ್ರೆ ಈ ತಿಂಗಳು ಬಂದಿದೆಯಾ?” ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹೋಗಿ ನೋಡಿ ಬನ್ನಿ.